ಮುಳ್ಳಯ್ಯನಗಿರಿಯಲ್ಲಿ ರೂಮ್ ಸರ್ವಿಸ್

ಕೋಪ ಇನ್ನೂ ಇಳಿದಿಲ್ಲ. ಮೀನಖಂಡದ ನೋವೂ ಇಳಿದಿಲ್ಲ. ಎರಡಕ್ಕೂ ಕಾರಣ ಒಬ್ಬನೇ. ಅವನು ಈಗ ಹಿತ್ತಲಲ್ಲಿ ಶಿಳ್ಳೆ ಹೊಡೆಯುತ್ತಾ ಬೆಡ್‌ಶೀಟ್ ಒಣಹಾಕುತ್ತಿದ್ದಾನೆ.

ನಾವು ಸೀಸನ್ ಹುಡುಗರು. ಕಾಲೇಜಿನ ಪರೀಕ್ಷೆ ಮುಗಿದ ಕೂಡಲೇ ಬಯಲುಸೀಮೆಯಿಂದ ಚಿಕ್ಕಮಗಳೂರಿನ ಹೋಮ್‌ಸ್ಟೇಗಳಿಗೆ ಬಂದು, ಮಳೆ ಹಿಡಿಯುವವರೆಗೂ ರೂಮ್ ಗುಡಿಸಿ, ಬಿಸಿನೀರಿನ ಒಲೆಗೆ ಸೌದೆ ಹಾಕಿ, ರಾತ್ರಿ ಕ್ಯಾಂಪ್‌ಫೈರ್ ಹಚ್ಚಿ, ಗೆಸ್ಟುಗಳು ಅಂತ್ಯಾಕ್ಷರಿ ನಿಲ್ಲಿಸುವವರೆಗೂ ಆಕಳಿಸುತ್ತಾ ಕೂರುವವರು. ನಾನು ಅರಸೀಕೆರೆಯವನು. ಅಡುಗೆಮನೆಯಲ್ಲಿ ಚನ್ನರಾಯಪಟ್ಟಣದ ಹುಡುಗಿ ಒಬ್ಬಳಿದ್ದಾಳೆ. ಇನ್ನೊಬ್ಬ ಕಡೂರಿನವನು. ಇಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು. "ಏ ಕಡೂರು, ಎರಡನೇ ರೂಮಿಗೆ ಟವೆಲ್ ಕೊಡೋ" ಅಂತ ಸಾಹುಕಾರ್ರು ಕೂಗಿದರೆ ಇಡೀ ತಾಲ್ಲೂಕೇ ಎದ್ದು ಓಡಿದ ಹಾಗೆ ಅವನು ಓಡುತ್ತಾನೆ. ಆ ಓಟವೇ ಸಮಸ್ಯೆ.

ಅದಕ್ಕೆ ಮೊದಲು ನಮ್ಮ ಹಣೆಬರಹ ಕೇಳಿ. ಬಂದ ಗೆಸ್ಟು ಬ್ಯಾಗ್ ಇಳಿಸುವ ಮೊದಲೇ ಕೇಳುವ ಪ್ರಶ್ನೆ, "ಇಲ್ಲಿ ನೋಡೋಕೆ ಏನೇನಿದೆ?" ನಾನು ಉಸಿರು ಬಿಡದೆ ಒಪ್ಪಿಸುತ್ತೇನೆ. ಮುಳ್ಳಯ್ಯನಗಿರಿ ಸರ್, 1930 ಮೀಟರ್, ಕರ್ನಾಟಕದಲ್ಲೇ ಎತ್ತರದ್ದು. ಬಾಬಾಬುಡನ್‌ಗಿರಿ ಸರ್, 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರು ಅಂತಾರಲ್ಲ, ಅವರ ಬೆಟ್ಟ. ಕೆಮ್ಮಣ್ಣುಗುಂಡಿ ಸರ್, ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬರುತ್ತಿದ್ದ ಜಾಗ, ಅಲ್ಲಿಂದ ಹೆಬ್ಬೆ ಫಾಲ್ಸ್‌ಗೆ ಜೀಪು ಸಿಗುತ್ತೆ. ಇಷ್ಟೆಲ್ಲ ಹೇಳುವ ನಾನು ಇದರಲ್ಲಿ ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಸಂಜೆ ವಾಪಸ್ ಬಂದವರು ಮುಖ ಊದಿಸಿಕೊಂಡು "ಏನ್ರೀ, ಝರಿ ಫಾಲ್ಸ್‌ನಲ್ಲಿ ನೀರೇ ಇಲ್ಲ" ಅಂತಾರೆ. ಮೇ ತಿಂಗಳಲ್ಲಿ ಎಲ್ಲಿಂದ ಬರಬೇಕು? ನಾನೇನು ಮೇಲೆ ಕೂತು ಗೇಟ್‌ವಾಲ್ ತಿರುಗಿಸಿ ಬಂದಿದ್ದೀನಾ? ಆದರೂ ಬಾಯಲ್ಲಿ ಬರೋದು "ಸಾರಿ ಸರ್" ಅಂತಲೇ.

ವಾರಾಂತ್ಯಕ್ಕೆ ನಮಗೆ ರಜೆ ಅನ್ನೋದೇ ಇಲ್ಲ. ಸಿಕ್ಕರೆ ಮಂಗಳವಾರ, ಅದೂ ಒಬ್ಬೊಬ್ಬರಿಗೆ ಒಂದೊಂದು ವಾರ. ಮೊನ್ನೆ ಯಾರದೋ ಮದುವೆ ಮುಂದೆ ಹೋಗಿ ಎಲ್ಲ ರೂಮೂ ಕ್ಯಾನ್ಸಲ್ ಆದವು. ಮೂವರಿಗೂ ಒಟ್ಟಿಗೆ ರಜೆ! ಆ ವಧೂವರರು ಎಲ್ಲಿದ್ದರೂ ನೂರು ವರ್ಷ ಚೆನ್ನಾಗಿರಲಿ.

ಗಿರಿಗೆ ಹೋಗೋ ಗಾಡಿಗೆ ಈಗ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. ದಿನಾ ಗೆಸ್ಟುಗಳಿಗೆ ಬುಕ್ ಮಾಡಿಕೊಟ್ಟು ಕೈ ಪಳಗಿದೆ, ನಮಗೂ ಬೆಳಗಿನ ಹೊತ್ತೇ ಸಿಕ್ಕಿತು. ಒಂದು ಸ್ಪ್ಲೆಂಡರ್, ಒಂದು ಸ್ಕೂಟಿ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಎಲ್ಲ ಒಂದೇ ದಿನಕ್ಕೆ. ಚನ್ನರಾಯಪಟ್ಟಣ ಡಬ್ಬಿ ತುಂಬ ಚಿತ್ರಾನ್ನ ಕಲಸಿಕೊಂಡು ಬಂದಳು. ಕಡೂರು ಮಾತ್ರ ಯೂನಿಫಾರ್ಮ್ ಹಾಕಿಕೊಂಡು ಬಂದ.

ಯೂನಿಫಾರ್ಮ್ ಅಂದರೆ ಹೋಮ್‌ಸ್ಟೇ ಟೀ ಶರ್ಟ್. ಕಡು ಹಸಿರು, ಕಾಲರ್ ಇದೆ, ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ ಹೋಮ್‌ಸ್ಟೇ ಹೆಸರು, ಎದೆ ಮೇಲೆ "ಹ್ಯಾಪಿ ಟು ಹೆಲ್ಪ್". ಇದ್ಯಾಕೋ ಅಂದರೆ "ಬೇರೆದೆಲ್ಲ ಒಗೆದು ಹಾಕಿದ್ದೀನಿ, ಒಣಗಿಲ್ಲ" ಅಂದ. ನಿಜ ಹೇಳಬೇಕಂದ್ರೆ ಅವನಿಗೆ ಅದೇ ಇಷ್ಟ.

ಕೈಮರ ಚೆಕ್‌ಪೋಸ್ಟ್ ದಾಟಿ ತಿರುವಿನ ಮೇಲೆ ತಿರುವು ಹತ್ತುವವರೆಗೂ ಎಲ್ಲ ಚೆನ್ನಾಗಿತ್ತು. ಮೆಟ್ಟಿಲು ಶುರುವಾಗುವಲ್ಲಿ ಒಬ್ಬರು ದಂಪತಿ ಸೆಲ್ಫಿಗೆ ಒದ್ದಾಡುತ್ತಿದ್ದರು. ಕಡೂರು ಹೋಗಿ, "ನಾನು ತೆಗೆದುಕೊಡ್ಲಾ ಸರ್?" ಅಂದ. ಅಲ್ಲಿಗೆ ಮುಗಿಯಿತು. ಆ ಟೀ ಶರ್ಟು, ಆ ವಿನಯ ನೋಡಿ ಜನ ಇವನು ಇಲ್ಲಿನ ಸಿಬ್ಬಂದಿಯೇ ಇರಬೇಕು ಅಂತ ತೀರ್ಮಾನ ಮಾಡಿಬಿಟ್ಟರು. ನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಫ್ಯಾಮಿಲಿ. ಅಜ್ಜಿ ಮಧ್ಯೆ ಬನ್ನಿ, ಪಾಪು ಇಲ್ಲಿ ನೋಡು, ಮೇಡಂ ಸ್ವಲ್ಪ ಎಡಕ್ಕೆ. ಒಬ್ಬರು ಪಾರ್ಕಿಂಗ್ ಬಗ್ಗೆ ದೂರು ಹೇಳಿದರು, ಇವನು ತಲೆ ಆಡಿಸಿ "ಹೇಳ್ತೀನಿ ಸರ್" ಅಂದ. ಯಾರಿಗೆ ಹೇಳ್ತಾನೆ? ಇನ್ನೊಬ್ಬರು ಖಾಲಿ ಬಾಟಲಿ ಕೈಗೆ ಕೊಟ್ಟರು, ಅದನ್ನೂ ತೆಗೆದುಕೊಂಡ. ಕಾಲೇಜು ಹುಡುಗರ ಗುಂಪೊಂದು ರೀಲ್ ಮಾಡಿಸಿಕೊಂಡು, ಚೆನ್ನಾಗಿಲ್ಲ ಅಂತ ಮತ್ತೆ ಮಾಡಿಸಿತು. ನಾವಿಬ್ಬರೂ ಪಕ್ಕದ ಕಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಚಿತ್ರಾನ್ನ ಅಲ್ಲೇ ಮುಗಿಸಿದೆವು.

ಹೇಗೋ ಮೇಲೆ ತಲುಪಿದೆವು. ಚಪ್ಪಲಿ ಬಿಟ್ಟು ಮುಳ್ಳಯ್ಯಸ್ವಾಮಿಗೆ ಕೈ ಮುಗಿದು ಹೊರಗೆ ಬರುವಷ್ಟರಲ್ಲಿ, ಬೆಂಗಳೂರಿನವರ ಥರ ಕಂಡ ಒಬ್ಬ ಆಂಟಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಅಯ್ಯೋ, ಈಗ ಒಂದು ಟೀ ಸಿಕ್ಕಿದ್ರೆ..." ಅಂದರು. ಅವರ ಯಜಮಾನರಿಗೆ ಹೇಳಿದ್ದು. ಆಕಾಶಕ್ಕೆ ಹೇಳಿದ್ದು ಅಂದರೂ ಸರಿ. ಕಡೂರಿನ ಕಿವಿ ನಿಮಿರಿತು.

"ಎರಡೇ ನಿಮಿಷ ಮೇಡಂ. ಸಕ್ಕರೆ ಕಮ್ಮಿನಾ?"

ನಾನು "ಲೋ" ಅನ್ನುವಷ್ಟರಲ್ಲಿ ಅವನು ಇಳಿಯುತ್ತಿದ್ದ. ಹತ್ತುವಾಗ ಎಲ್ಲರನ್ನೂ ಏದುಸಿರು ಬಿಡಿಸಿದ ಮೆಟ್ಟಿಲನ್ನು ಇವನು ಎರಡೆರಡಾಗಿ ಹಾರಿಕೊಂಡು, ಕೆಳಗಿನ ಅಂಗಡಿಯವರೆಗೂ, ಒಂದು ಟೀಗೆ! ಅವನ ಫೋನ್ ನನ್ನ ಜೇಬಲ್ಲಿ. ಬೈಕಿನ ಕೀ ಅವನ ಜೇಬಲ್ಲಿ. ಆಂಟಿಗೂ ಗಾಬರಿ. "ಇಲ್ಲಿ ಡೆಲಿವರಿ ಕೊಡ್ತಾರಾ? ಎಷ್ಟು ಚಾರ್ಜು?" ಅಂತ ನನ್ನನ್ನೇ ಕೇಳಿದರು. ಚನ್ನರಾಯಪಟ್ಟಣ ತುಂಬಾ ಗಂಭೀರವಾಗಿ "ಕಾಂಪ್ಲಿಮೆಂಟರಿ ಮೇಡಂ" ಅಂದಳು.

ಆ ಎರಡು ನಿಮಿಷ ಎಷ್ಟು ಉದ್ದ ಇತ್ತು ಅಂದರೆ ಆಂಟಿಯ ಮನೆ ವಿಷಯ ಎಲ್ಲ ನನಗೆ ಗೊತ್ತಾಯಿತು. ಮಗ ಕೆನಡಾದಲ್ಲಿ, ಸೊಸೆಗೆ ಕಾಫಿ ಆಗಲ್ಲ. ಕಾಫಿ ಹೂ ನೋಡೋಕೆ ಅಂತಲೇ ಬಂದರಂತೆ. ನಾನು ಏನೂ ಹೇಳಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕೆಲವೇ ದಿನ ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಬುಟ್ಟಿ ಮಗುಚಿದ ಹಾಗೆ ಘಮ್ಮನ್ನುತ್ತದೆ. ಅದು ಮುಗಿದ ಮೇಲೆ ಜನ ಬರುತ್ತಾರೆ, ಹೂ ಎಲ್ಲಿ ಅಂತ ನಮ್ಮನ್ನು ಕೇಳುತ್ತಾರೆ.

ಕಡೂರು ಬಂದ. ಮುಖ ಟೊಮೇಟೊ. ಅಂಗೈಯಲ್ಲಿ ಪೇಪರ್ ಕಪ್ಪು, ಅದರ ಮೇಲೆ ಇನ್ನೊಂದು ಕಪ್ಪು ಬೋರಲು. ಟೀಯಲ್ಲಿ ಅರ್ಧ ಅವನ ತೋಳಿನ ಮೇಲಿತ್ತು, ಉಳಿದದ್ದು ತಣ್ಣಗಾಗಿತ್ತು. ಆಂಟಿ ಒಂದು ಗುಟುಕು ಕುಡಿದು, "ಸಕ್ಕರೆ ಜಾಸ್ತಿ ಆಯ್ತು ಕಣಪ್ಪಾ" ಅಂದರು. ಅವನು "ಸಾರಿ ಮೇಡಂ, ಬೇರೆ ತರ್ಲಾ?" ಅಂದ. ನಾನು ಕಾಲರ್ ಹಿಡಿದೆ. ಆ ಟೀ ಶರ್ಟಿಗೆ ಕಾಲರ್ ಇರೋದರಿಂದ ಆದ ಉಪಯೋಗ ಅದೊಂದೇ. ಅವರ ಯಜಮಾನರು ಐವತ್ತು ರೂಪಾಯಿ ಕೊಟ್ಟರು. ಇವನು ಎರಡೂ ಕೈಯಲ್ಲಿ ತೆಗೆದುಕೊಂಡು, "ಥ್ಯಾಂಕ್ಯೂ ಸರ್, ರೇಟಿಂಗ್ ಕೊಡೋದು ಮರೀಬೇಡಿ" ಅಂದ. ಯಾವುದಕ್ಕೋ ರೇಟಿಂಗು? ಬೆಟ್ಟಕ್ಕಾ?

ಆಮೇಲೆ ಅವನು ಪೂರ್ವದ ಕಡೆ ಮುಖ ಮಾಡಿ ಸುಮ್ನೆ ಸ್ವಲ್ಪ ಹೊತ್ತು ನಿಂತ. "ಆ ಕಡೆ ನಮ್ಮೂರು ಕಣೋ" ಅಂತ ಬೆರಳು ತೋರಿಸಿದ. ಬಿಸಿಲ ಮಬ್ಬು ಬಿಟ್ಟರೆ ಏನೂ ಕಾಣಲಿಲ್ಲ. ಬಸ್ ಹತ್ತಿದರೆ ಹೆಚ್ಚು ದೂರ ಇಲ್ಲ, ಆದರೆ ಯುಗಾದಿಗೂ ಅವನು ಹೋಗಿಲ್ಲ, ಅವತ್ತು ಹೌಸ್‌ಫುಲ್ ಇತ್ತು. ಗೆಸ್ಟುಗಳಿಗೆ ಒಬ್ಬಟ್ಟು ಬಡಿಸಿದವನೇ ಅವನು. ನಾನೂ ನಮ್ಮೂರ ದಿಕ್ಕಿಗೆ ನೋಡಿದೆ. ಆ ಮಬ್ಬಿನಲ್ಲಿ ಯಾವ ಊರೂ ಒಂದೇ. ಆಗ ಒಬ್ಬರು ಹಿಂದಿನಿಂದ, "ಎಕ್ಸ್‌ಕ್ಯೂಸ್ ಮಿ, ಒಂದು ಗ್ರೂಪ್ ಫೋಟೋ..." ಅಂದರು. ಕಡೂರು ಹೋದ.

ಮಧ್ಯಾಹ್ನ ಸಾಹುಕಾರ್ರ ಫೋನು. ದಿಢೀರ್ ಬುಕಿಂಗ್, ಎಂಟು ಜನ, ಬೇಗ ಬನ್ನಿ. ಸೀತಾಳಯ್ಯನಗಿರಿಯೂ ಇಲ್ಲ, ಮಾಣಿಕ್ಯಧಾರೆಯೂ ಇಲ್ಲ. ರಾತ್ರಿ ಫೋನ್ ತೆಗೆದು ನೋಡಿದರೆ ನಮ್ಮ ಮೂವರದ್ದು ಅಂತ ಇರೋದು ಒಂದೇ ಫೋಟೋ. ಅದನ್ನು ಆಂಟಿ ತೆಗೆದದ್ದು. ನಮ್ಮ ಮೂವರಿಗೂ ತಲೆ ಇಲ್ಲ, "ಹ್ಯಾಪಿ ಟು ಹೆಲ್ಪ್" ಮಾತ್ರ ಸ್ಪಷ್ಟವಾಗಿ ಬಂದಿದೆ.

ಮುಂದಿನ ರಜೆಗೆ ಶೆಟ್ಟಿಹಳ್ಳಿ ಚರ್ಚು ಅಂತ ಚನ್ನರಾಯಪಟ್ಟಣ ಹಟ ಹಿಡಿದಿದ್ದಾಳೆ. ನಮ್ಮ ಹಾಸನ ಜಿಲ್ಲೆಯದು, 1860ರ ದಶಕದಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿ ಮುಳುಗುತ್ತೆ, ಬೇಸಿಗೆಯಲ್ಲಾದರೆ ಒಳಗೇ ನಡೆದು ಹೋಗಬಹುದು. ನೀರು ಬರೋ ಮೊದಲೇ ನೋಡಬೇಕು, ಮಳೆ ಹಿಡಿದರೆ ನಾವೂ ಇಲ್ಲಿ ಇರಲ್ಲ. ಕಡೂರಿಗೆ ಒಂದೇ ಷರತ್ತು ಹಾಕಿದೆವು, ಆ ಟೀ ಶರ್ಟ್ ಬೇಡ. ಒಪ್ಪಿಕೊಂಡ. ಈಗಷ್ಟೇ ಹಿತ್ತಲಿನಿಂದ ಕೂಗಿ ಕೇಳುತ್ತಿದ್ದಾನೆ, ಅಲ್ಲಿ ಹತ್ತಿರದಲ್ಲಿ ಟೀ ಅಂಗಡಿ ಇದೆಯಾ, ಇಲ್ಲ ಫ್ಲಾಸ್ಕ್ ತಗೊಳ್ಳೋಣವಾ ಅಂತ.