‘ನಿದ್ದಿ ಮಾಡಿಲ್ಲೇನು?’

ವರ್ಷಕ್ಕೊಮ್ಮೆ ನಮ್ಮ ಕಂಪನಿ ನನಗೆ 57 ಪ್ರಶ್ನೆ ಕೇಳುತ್ತದೆ. ತುಂಬಾ ದಣಿವಾಗಿದೆಯೇ? ನಿದ್ದೆ ಸರಿಯಾಗಿ ಬರುತ್ತಿಲ್ಲವೇ? ಊಟ ಸೇರುತ್ತಿಲ್ಲವೇ? ಒಂದೊಂದಕ್ಕೂ ನಾಲ್ಕು ಉತ್ತರ, ಒಂದನ್ನು ಒತ್ತಿದರೆ ಆಯಿತು. ನಾನಿರುವುದು ಜಪಾನಿನ ಯೊಕೊಹಾಮಾದಲ್ಲಿ. ಇಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ‘ಸ್ಟ್ರೆಸ್ ಚೆಕ್’ ಮಾಡಿಸಲೇಬೇಕು ಅಂತ 2015ರ ಡಿಸೆಂಬರ್‌ನಿಂದ ಕಾನೂನಿದೆ.

ಕಳೆದ ಸಲ ನನ್ನದು ‘ಒತ್ತಡ ಹೆಚ್ಚು’ ಅಂತ ಬಂತು. ನಾನು ಒಪ್ಪದೆ ಆ ಫಲಿತಾಂಶ ಕಂಪನಿಯ ಕೈಗೆ ಹೋಗುವಂತಿಲ್ಲ. ಬೇಕಾದರೆ ಡಾಕ್ಟರ ಹತ್ತಿರ ಕೂತು ಮಾತಾಡಬಹುದು. ಆದರೆ ಅದಕ್ಕೆ ಅರ್ಜಿ ಕೊಡಬೇಕಾದ್ದು ಕಂಪನಿಗೇ. ಅರ್ಜಿ ಕೊಟ್ಟವರಿಗೆ ತೊಂದರೆ ಮಾಡಬಾರದು ಅಂತಲೂ ಕಾನೂನು ಹೇಳುತ್ತದೆ, ನಿಜ. ಆದರೂ ನಾನು ಕೊಡಲಿಲ್ಲ. ಪಕ್ಕದ ಮೇಜಿನವನೂ ಕೊಟ್ಟಂತೆ ಕಾಣಲಿಲ್ಲ. ಅವನದು ಏನು ಬಂದಿತ್ತೋ ನನಗೇನು ಗೊತ್ತು? ಕೇಳುವ ಪದ್ಧತಿಯೇ ಇಲ್ಲಿಲ್ಲ.

ಆಮೇಲೆ ಹೋಳಿ ಹಬ್ಬಕ್ಕೆ ಊರಿಗೆ ಹೋದೆ. ಹಳೇ ಬಾಗಲಕೋಟೆಯಲ್ಲಿ ಚಹಾದಂಗಡಿ ಮುಂದಿನ ಕಟ್ಟೆ ಮೇಲೆ ಕೂತು ಇನ್ನೂ ಲೋಟ ಕೈಗೆ ತಗೊಂಡಿರಲಿಲ್ಲ. ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜ ನನ್ನ ಮುಖ ನೋಡಿ, “ಯಾಕೋ ತಮ್ಮಾ, ನಿದ್ದಿ ಮಾಡಿಲ್ಲೇನು? ಕಣ್ಣ ನೋಡು ಹೆಂಗಾಗ್ಯಾವು” ಅಂದ. ನಾನು ಯಾರ ಮಗ ಅನ್ನುವುದು ಕೂಡ ಅವನಿಗೆ ಗೊತ್ತಿರಲಿಲ್ಲ. ಅದನ್ನು ಕೇಳಿದ್ದು ಆಮೇಲೆ. ಕಂಪನಿ 57 ಪ್ರಶ್ನೆಯಲ್ಲಿ ಹಿಡಿದದ್ದನ್ನು ಇವನು ಒಂದೇ ಪ್ರಶ್ನೆಯಲ್ಲಿ ಹಿಡಿದಿದ್ದ. ವಿಮಾನದ ಸುಸ್ತು ಅಂತ ಏನೋ ಸುಳ್ಳು ಹೇಳಿದೆ. “ಹೌದೇನು” ಅಂದ. ನಂಬಲಿಲ್ಲ ಅಂತ ಆ ದನಿಯಲ್ಲೇ ಗೊತ್ತಾಯಿತು.

ಮೊದಲೆಲ್ಲ ನನಗೆ ಈ ಮೂಗು ತೂರಿಸುವ ಚಾಳಿ ಕಂಡರೆ ಆಗುತ್ತಿರಲಿಲ್ಲ. ಸಂಬಳ ಎಷ್ಟು, ಮಕ್ಕಳು ಯಾವಾಗ, ಯಾಕೆ ಸಣ್ಣಗಾಗಿದ್ದಿ, ಯಾಕೆ ದಪ್ಪಗಾಗಿದ್ದಿ! ತಪ್ಪಿಸಿಕೊಳ್ಳಲಿಕ್ಕೇ ದೇಶ ಬಿಟ್ಟೆ ಅಂದರೂ ನಡೆದೀತು. ಒಂಬತ್ತು ವರ್ಷ ಯಾರೂ ಏನೂ ಕೇಳದ ಊರಲ್ಲಿದ್ದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಒತ್ತಡದಲ್ಲಿ ಇದ್ದವನು ತಾನಾಗಿ ಬಾಯಿ ಬಿಡುವುದಿಲ್ಲ. ಬೇರೆಯವರೇ ಕೇಳಬೇಕು, ಅದೂ ಅನುಮತಿ ಇಲ್ಲದೆ.

ಜಪಾನಿನವರಿಗೆ ಒತ್ತಡ ಇಳಿಸುವುದು ಗೊತ್ತಿಲ್ಲ ಅಂತಲ್ಲ. ರಾತ್ರಿ ಮಲಗುವ ಮುಂಚೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಕೂರುತ್ತಾರೆ. ಮೈ ಕಾದು ಆಮೇಲೆ ನಿಧಾನಕ್ಕೆ ಆರುತ್ತ ಬಂದ ಹಾಗೆ ನಿದ್ದೆ ಬರುತ್ತದೆ. ಇದನ್ನು ನಾನು ಪೂರ್ತಿ ಕಲಿತಿದ್ದೇನೆ. ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಅದೇ ನೀರಿಗೆ ಇಳಿಯುತ್ತಾರೆ ಅಂದಾಗ ಅವ್ವ ಫೋನಿನಲ್ಲೇ “ಛೀ” ಅಂದಳು. ಮೊದಲು ಹೊರಗೆ ಮೈ ತೊಳೆದುಕೊಂಡೇ ಇಳಿಯಬೇಕು ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ಬೆಳಿಗ್ಗೆ 6:30ಕ್ಕೆ ನಮ್ಮ ಮನೆ ಎದುರಿನ ಪಾರ್ಕಿನಲ್ಲಿ ವಯಸ್ಸಾದವರು ಸೇರಿ ರೇಡಿಯೊ ಹೇಳಿದ ಹಾಗೆ ಕೈಕಾಲು ಆಡಿಸುತ್ತಾರೆ. ರೇಡಿಯೊ ತೈಸೋ ಅಂತ, 1928ರಲ್ಲಿ ಶುರುವಾದದ್ದು. ಅವರನ್ನು ನೋಡಿದರೆ ಅವ್ವನ ನೆನಪಾಗುತ್ತದೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ, ಅದೇ ಜೇಬಿಲ್ಲದ ಅಂಗಿಯವರು, ಇದ್ದಾಗ ಎಲ್ಲಿ ಪ್ರವಚನ ಇದ್ದರೂ ಅವ್ವ ನಸುಕಿನಲ್ಲೇ ಹೊರಡುತ್ತಿದ್ದಳು. ಏನು ಹೇಳಿದರು ಅಂದರೆ ಅರ್ಧ ನೆನಪಿರುತ್ತಿರಲಿಲ್ಲ. “ಅಷ್ಟ ಮಂದಿ ಸುಮ್ಮ ಕುಂತಿರ್ತಾರಲ್ಲ, ಅದ ಛಲೋ ಅನಸ್ತದ” ಅನ್ನುತ್ತಿದ್ದಳು.

ಅವ್ವನಿಗೆ ಕಟ್ಟೆ ಎಲ್ಲಿತ್ತು? ಚಹಾದಂಗಡಿ ಕಟ್ಟೆ ಗಂಡಸರದು. ಹಳೇ ಊರಲ್ಲಿ ಹೆಂಗಸರಿಗೆ ಬಾಗಿಲ ಮೆಟ್ಟಿಲಿತ್ತು, ಸಂಜೆ ಹೊತ್ತು ಜೋಳ ಹಸನು ಮಾಡುತ್ತ ಅಲ್ಲೇ ಎಲ್ಲ ಮಾತು. ಆಲಮಟ್ಟಿ ಹಿನ್ನೀರು ಬಂತು, ತಗ್ಗಿನ ಓಣಿಗಳು ಹೋದವು, ಜನ ನವನಗರದ ಸೆಕ್ಟರ್‌ಗಳಿಗೆ ಹಂಚಿಹೋದರು. ರಸ್ತೆ ಅಗಲ, ಗಾಳಿ ಬೆಳಕು ಜಾಸ್ತಿ. ಆದರೆ ಅವ್ವ ಹೇಳುವುದೇ ಬೇರೆ: “ಇಲ್ಲಿ ಮಾರಿ ಕಾಣ್ತಾವ, ಮಾತು ಕೇಳಂಗಿಲ್ಲ.” ನವನಗರದ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ.

ನೀರಿನ ಕಥೆ ಅಲ್ಲಿಗೇ ಮುಗಿದಿಲ್ಲ. ಈಗಿನ 519.60 ಮೀಟರಿನಿಂದ 524.256 ಮೀಟರಿನವರೆಗೆ ಆಲಮಟ್ಟಿಯಲ್ಲಿ ನೀರು ನಿಲ್ಲಿಸಬಹುದು ಅಂತ 2010ರಲ್ಲಿ ಕೃಷ್ಣಾ ನೀರಿನ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಕಾಗದದ ಮೇಲೆ ನಾಲ್ಕೂವರೆ ಮೀಟರು ಚಿಲ್ಲರೆ. ಘಟಪ್ರಭಾ ದಂಡೆಯ ನನ್ನ ಗೆಳೆಯನಿಗೆ ಅದು ಮನೆಗೆ ಸುಣ್ಣ ಹೊಡೆಸಬೇಕೋ ಬೇಡವೋ ಅನ್ನುವ ಪ್ರಶ್ನೆ. ಮುಳುಗುವ ಮನೆಗೆ ಯಾರು ಖರ್ಚು ಮಾಡುತ್ತಾರೆ? ಮುಳುಗದೇ ಹೋದರೆ ಸೋರುವ ಮನೆಯಲ್ಲಿ ಎಷ್ಟು ವರ್ಷ ಇರುವುದು? ಬೋರ್ ಹಾಕಿಸುವುದೂ ಹಾಗೇ, ತಂಗಿ ಮದುವೆಗೆ ಹೊಲ ಮಾರುವುದೂ ಹಾಗೇ. ಒಂದು ದಿನದ ಗಾಬರಿಯಾದರೆ ಮೈ ತಡೆಯುತ್ತದೆ. ಎದೆ ಬಡಿತ ಏರುತ್ತದೆ, ಇಳಿಯುತ್ತದೆ. ಹೀಗೆ ವರ್ಷಗಟ್ಟಲೆ ಕಾಯಿಸಿದರೆ ನಿದ್ದೆ ಹೋಗುತ್ತದೆ, ಹೊಟ್ಟೆ ಕೆಡುತ್ತದೆ, ಬಿಪಿ ಬರುತ್ತದೆ. ಅವನಿಗೆ ಮೂರೂ ಆಗಿವೆ.

ಕಟ್ಟೆಯ ಹೊಗಳಿಕೆ ನಾನು ನಿಲ್ಲಿಸುವುದು ಇಲ್ಲೇ. ಅವನ ಮುಖ ನೋಡಿದವರೆಲ್ಲ “ಯಾಕಲೇ, ಸಣ್ಣಗಾಗಿ?” ಅಂತ ಕೇಳಿದ್ದಾರೆ. ಅವನು ನಗುತ್ತಾನೆ, ಗುಟ್ಕಾ ಚೀಟಿ ಹರಿಯುತ್ತಾನೆ, ಮಾತು ಕಬ್ಬಿನ ಬಿಲ್ಲಿಗೆ ಹೊರಳುತ್ತದೆ. ‘ಮನಸ್ಸಿಗೆ ಆರಾಮ ಇಲ್ಲ’ ಅಂದರೆ ತಾಯಿತ ಕಟ್ಟಿಸು ಅನ್ನುವವರು ಹತ್ತು ಜನ, ಡಾಕ್ಟರಿಗೆ ತೋರಿಸು ಅನ್ನುವವರು ಒಬ್ಬರೂ ಇಲ್ಲ. ಹಾಗೆ ನೋಡಿದರೆ ದೂರವೇನಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಅಂತ ಮನಸ್ಸಿನ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ ಇದೆ. ಮನೆಯಿಂದಲೇ ಮಾತಾಡಲಿಕ್ಕೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ನಂಬರು 14416. 2022ರಿಂದ ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಂಬರು ಕೊಟ್ಟಾಗ, “ಹುಚ್ಚರ ನಂಬರ ಕೊಡಾಕ ಜಪಾನಿಂದ ಬಂದಿ ಏನಲೇ?” ಅಂತ ಜೋರಾಗಿ ನಕ್ಕ. ಆದರೆ ಫೋನಿನಲ್ಲಿ ಹಾಕಿಕೊಂಡ. ಬಗ್ಗಿ ನೋಡಿದೆ. ಹೆಸರು ‘ಗೊಬ್ಬರದ ಅಂಗಡಿ’ ಅಂತ ಬರೆದಿದ್ದ, ಹೆಂಡತಿ ನೋಡಿದರೂ ಗೊತ್ತಾಗದ ಹಾಗೆ. ಸರಿ, ಯಾವ ಹೆಸರಲ್ಲಾದರೂ ಇರಲಿ.

ಅವತ್ತು ರಾತ್ರಿ ಇಬ್ಬರೂ ಹಲಗೆ ಬಾರಿಸಿದೆವು. ಬಾಗಲಕೋಟೆ ಹೋಳಿ ಒಂದು ದಿನಕ್ಕೆ ಮುಗಿಯುವುದಲ್ಲ ಅಂತ ಗೊತ್ತಲ್ಲ. ಬಣ್ಣದ ಬಂಡಿ ಬರುವ ಮೊದಲೇ ಓಣಿ ಓಣಿಯಲ್ಲಿ ಹಲಗೆ ಶುರುವಾಗುತ್ತದೆ. ಬೆಂಕಿಗೆ ಹಿಡಿದು ಕಾಯಿಸಿದ ಚರ್ಮ, ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪದ್ದು. ಅರ್ಧ ತಾಸಾದ ಮೇಲೆ ಭುಜ ಹಿಡಿಯುತ್ತದೆ, ತಾಳ ಬಿಟ್ಟರೆ ತಲೆಯಲ್ಲಿ ಬೇರೇನೂ ಉಳಿಯುವುದಿಲ್ಲ. ಅವನು ಬಾರಿಸುತ್ತ ಬಾರಿಸುತ್ತ ಅಳುತ್ತಿದ್ದ. ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಅಥವಾ ಗಮನಿಸಿಯೂ ಬಿಟ್ಟರೋ ಏನೋ. ಆ ರಾತ್ರಿ ನಾನು ಏಳು ತಾಸು ಮಲಗಿದೆ.

ವಾಪಸ್ ಬಂದ ಎರಡನೇ ವಾರ ಪಕ್ಕದ ಮೇಜಿನವನು ರಾತ್ರಿ ಒಂಬತ್ತಕ್ಕೆ ಕಂಪ್ಯೂಟರ್ ಮುಂದೆ ಅನ್ನದ ಉಂಡೆ ತಿನ್ನುತ್ತಿದ್ದ. ಕಣ್ಣು ಕೆಂಪಗಿದ್ದವು. ನನ್ನ ಹರಕು ಜಪಾನಿಯಲ್ಲಿ, ಬಾಗಲಕೋಟೆ ಕಟ್ಟೆಯ ಧಾಟಿಯಲ್ಲೇ ಕೇಳಿಬಿಟ್ಟೆ: “ನಿದ್ದೆ ಮಾಡಿಲ್ಲವಾ?” ಅವನು ಗಾಬರಿಯಾದ. “ಏನಿಲ್ಲ, ಏನಿಲ್ಲ” ಅಂದ. ಐದು ನಿಮಿಷ ಬಿಟ್ಟು ಎದ್ದು ಬಂದು, ಕಾಫಿ ಕುಡಿಯೋಣವಾ ಅಂದ. ಹೊರಗಿನ ಮಷಿನ್ ಹತ್ತಿರ ಎರಡು ಬಿಸಿ ಡಬ್ಬಿ ತೆಗೆದುಕೊಂಡು ನಿಂತೆವು. ಅವನ ಅಮ್ಮ ಊರಲ್ಲಿ ಒಬ್ಬಳೇ ಇದ್ದಾಳಂತೆ, ಮರೆವು ಶುರುವಾಗಿದೆಯಂತೆ. ಒಳಗೆ ಹೋಗುವಾಗ ನೋಡಿದರೆ ಕಾಫಿ ತಣ್ಣಗಾಗಿತ್ತು. ಇಬ್ಬರೂ ಡಬ್ಬಿ ತೆರೆದೇ ಇರಲಿಲ್ಲ.