ರೋಬೋಟಿಗೆ ಭೂಪ್, ಅಜ್ಜನಿಗೆ ದೇಶಕಾರ

ಧಾರವಾಡದ ಸಾಧನಕೇರಿ ಉದ್ಯಾನದಂಥ ಜಾಗದಲ್ಲಿ, ಬಂದವರಿಗೆ ಸ್ಪಂದಿಸಿ ವಾದ್ಯ ಬಾರಿಸುವ ರೋಬೋಟ್ ನಿಲ್ಲಿಸುವುದಾದರೆ ಮೊದಲು ಅದರ ಮೈಕ್ ಕಿತ್ತಿಡಿ. ಚಪ್ಪಾಳೆಗೆಂದು ಬರೆದ ಪ್ರೋಗ್ರಾಂ ಬಸ್ಸಿನ ಹಾರ್ನಿಗೂ ಅಷ್ಟೇ ಭಕ್ತಿಯಿಂದ ಓಗೊಡುತ್ತದೆ. ತನ್ನ ಸದ್ದಿಗೆ ತಾನೇ ಉತ್ತರ ಕೊಡಲು ಕಲಿತರಂತೂ ಮುಗಿಯಿತು, ಅದಕ್ಕೆ ಜನರೇ ಬೇಕಿಲ್ಲ.

ಕಿವಿಗೆ ಕೇಳದ ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಸಾಕು. ಹತ್ತಿರ ಬಂದಷ್ಟೂ ಸ್ವರ ಏರಲಿ. ಸೆನ್ಸರ್ ಕಳಿಸುವ 40 ಕಿಲೋಹರ್ಟ್ಸ್ ಸದ್ದನ್ನು ಕಂಬಳಿ ನುಂಗಿಬಿಡುವುದರಿಂದ, ಕಂಬಳಿ ಹೊದ್ದವರು ರೋಬೋಟಿನ ಲೆಕ್ಕಕ್ಕೇ ಇಲ್ಲ. ಎರಡು ಸೆನ್ಸರ್ ಇಟ್ಟರೆ ಒಂದರ ಕೂಗನ್ನು ಇನ್ನೊಂದು ತನ್ನದೆಂದುಕೊಳ್ಳುತ್ತದೆ. 60 ಮಿಲಿಸೆಕೆಂಡ್ ಬಿಟ್ಟು ಸರದಿಯಂತೆ ಕೂಗಿಸಿ.

ಸ್ವರಕ್ಕೆ ಐದು ಅಲ್ಯೂಮಿನಿಯಂ ಪೈಪು. ಎರಡೂ ತುದಿಯಿಂದ ಉದ್ದದ ಶೇ. 22.4ರಷ್ಟು ಒಳಗೆ ಪೈಪು ಅದುರುವುದಿಲ್ಲ. ದಾರ ಕಟ್ಟಬೇಕಾದ್ದು ಅಲ್ಲೇ: 40 ಸೆಂ.ಮೀ. ಪೈಪಿಗೆ ಸುಮಾರು 9 ಸೆಂ.ಮೀ. ಚೆಂದ ಕಾಣಲೆಂದು ತುದಿಗೆ ಕ್ಲಾಂಪ್ ಬಿಗಿದರೆ ಪೈಪು ಹಾಡುವುದಿಲ್ಲ, ಕೆಮ್ಮುತ್ತದೆ. ಬಡಿಯಲು 12 ವೋಲ್ಟಿನ ಸಾಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಕೋಲನ್ನು ತಳ್ಳುವ ತಂತಿಸುರುಳಿ (ಕಾಯಿಲ್). ಕರೆಂಟು 30 ಮಿಲಿಸೆಕೆಂಡ್ ಆಸುಪಾಸು ಸಾಕು. ಹೆಚ್ಚಾದರೆ ಬಡಿದ ಕೋಲು ಅಲ್ಲೇ ಒತ್ತಿ ನಿಂತು ನಾದ ಕೊಲ್ಲುತ್ತದೆ. ಪ್ರತಿ ಸಾಲೆನಾಯ್ಡಿಗೆ ಅಡ್ಡಲಾಗಿ, ಉಲ್ಟಾ ದಿಕ್ಕಿನಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಕಡ್ಡಾಯ. ಕರೆಂಟು ಕಡಿದಾಗ ಕಾಯಿಲ್ ವೋಲ್ಟೇಜನ್ನು ಹಿಂದಕ್ಕೆ ಒದೆಯುತ್ತದೆ. ಡಯೋಡಿನ ಚಿಲ್ಲರೆ ಉಳಿಸಿದವರು ಕರೆಂಟು ಹಾಕಿ ತೆಗೆಯುವ ಟ್ರಾನ್ಸಿಸ್ಟರ್ ಸುಟ್ಟುಕೊಳ್ಳುತ್ತಾರೆ.

ಯಾರು ಎಲ್ಲಿ ನಿಂತರೂ ಅಪಸ್ವರ ಬಾರದಿರಲು ಸಂಜೆಯ ರಾಗ ಭೂಪ್ ಕ್ಷೇಮ: ಸಾ ರೇ ಗ ಪ ಧ. ಆದರೆ ಊರು ಧಾರವಾಡ. ವಾಕಿಂಗ್ ಬಂದ ಅಜ್ಜ ನಿಂತು ಕೇಳುತ್ತಾರೆ: "ಅಲ್ಲೋ ತಮ್ಮಾ, ಇದು ದೇಶಕಾರ ಆತಲ್ಲೋ! ಮುಂಜಾನಿ ರಾಗ ಸಂಜೀಮುಂದ ಯಾಕ ಬಾರ್ಸಾಕತ್ತೈತಿ?"

ಅಜ್ಜ ಹೇಳುವುದು ಸರಿ. ಎರಡೂ ರಾಗಕ್ಕೆ ಅವೇ ಐದು ಸ್ವರ. ಭೂಪ್‌ನಲ್ಲಿ ಗಾಂಧಾರ (ಗ) ವಾದಿ, ಅಂದರೆ ರಾಗದ ಮುಖ್ಯ ಸ್ವರ; ದೇಶಕಾರದಲ್ಲಿ ಧೈವತ (ಧ). ನಮ್ಮ ಜನವೋ, ಬಂದವರೆಲ್ಲ ಸೆನ್ಸರಿಗೇ ಮುಖ ತಾಗಿಸಿ ನೋಡುವವರು. ಹತ್ತಿರದ ಸ್ವರ ಧೈವತ, ಹೀಗಾಗಿ ದಿನವಿಡೀ ಅದೇ.

ಮದ್ದು ಅಳತೆಪಟ್ಟಿಯಲ್ಲಿದೆ. 30ರಿಂದ 150 ಸೆಂ.ಮೀ.ವರೆಗಿನ ಜಾಗವನ್ನು ಸಮಪಾಲು ಮಾಡಬೇಡಿ: ಗಾಂಧಾರಕ್ಕೆ 40 ಸೆಂ.ಮೀ., ಉಳಿದ ನಾಲ್ಕಕ್ಕೆ ತಲಾ 20. ಗಾಂಧಾರದ ಪಟ್ಟಿ 70ರಿಂದ 110ಕ್ಕೆ ಬೀಳುತ್ತದೆ. ಅಲ್ಲಿಗೆ ಸರಿಯಾಗಿ, ಸೆನ್ಸರಿನ ಕಣ್ಣಿಗೆ ಬೀಳದಷ್ಟು ತಗ್ಗಿನಲ್ಲಿ ಒಂದು ಬೆಂಚು ಹಾಕಿ. ಬೆಂಚು ಕಂಡ ಅಜ್ಜಂದಿರು ಕೂತು ಹರಟೆಗಿಳಿದರೆ ತಾಸುಗಟ್ಟಲೆ ಗಾಂಧಾರವೊಂದೇ ಮೊಳಗುತ್ತದೆ. ಹಾಗಾಗಿ, ಐದು ಸೆಕೆಂಡ್ ದೂರ ಬದಲಾಗದಿದ್ದರೆ ಸುಮ್ಮನಿರು ಎಂಬ ಸಾಲನ್ನೂ ಪ್ರೋಗ್ರಾಂಗೆ ಸೇರಿಸಿ.