ಮಾವನ ತೋಟ, ಅಳಿಯನ ನೀರು

ದೆಹಲಿಯ ಒಂದು ಮೊಘಲ್ ತೋಟ. ಯಾವುದು ಅಂತ ಹೆಸರು ಬೇಡ ಬಿಡಿ. ಮೇ ತಿಂಗಳ ಮಧ್ಯಾಹ್ನ, ನಡೆದು ನಡೆದು ಕಾಲು ಸೋತಿತ್ತು. ಹುಲ್ಲಿನ ಅಂಚಿನಲ್ಲಿ ಕುಕ್ಕರಿಸಿದೆ. ಪೀ ಅಂತ ಸೀಟಿ! ಕಾವಲುಗಾರ ದೂರದಿಂದಲೇ ಏಳು ಏಳು ಅಂತ ಕೈ ಬೀಸಿದ. ಎದ್ದೆ. ಎದುರಿನ ಕಾಲುವೆಯಲ್ಲಿ ನೀರಿರಲಿಲ್ಲ, ಎರಡು ಚಿಪ್ಸ್ ಪೊಟ್ಟಣ ಬಿದ್ದಿದ್ದವು. ಅವಕ್ಕೆ ಸೀಟಿ ಇಲ್ಲ. ಸ್ವರ್ಗದ ನಕಲಂತೆ ಇದು!

ಆ ಹುಲ್ಲಾದರೂ ಮೊಘಲರದ್ದಾ? ಅದೂ ಅಲ್ಲ. ನುಣ್ಣಗೆ ಕತ್ತರಿಸಿದ ಈ ಹಸಿರು ಜಮಖಾನ ಬ್ರಿಟಿಷರ ಚಪಲ. ತಾಜ್‌ಮಹಲಿನ ಮುಂದೆ ದಟ್ಟವಾಗಿದ್ದ ಮರಗಿಡ ತೆಗೆಸಿ ಹುಲ್ಲು ಹಾಸಿಸಿದ್ದು ಬ್ರಿಟಿಷ್ ವೈಸರಾಯ್ ಕರ್ಜನ್ ಕಾಲದಲ್ಲಿ. ಮೊಘಲರಿಗೆ ಬೇಕಿದ್ದದ್ದು ಹಣ್ಣಿನ ಮರ, ಹೂವು, ನೆರಳು, ಮುಖ್ಯವಾಗಿ ಹರಿಯುವ ನೀರು. ಹಿಂದೂಸ್ತಾನಕ್ಕೆ ಬಂದ ಬಾಬರ್ ತನ್ನ ಆತ್ಮಕತೆಯಲ್ಲಿ ಗೊಣಗಿದ್ದೇ ಗೊಣಗಿದ್ದು: ಇಲ್ಲಿ ದ್ರಾಕ್ಷಿ ಇಲ್ಲ, ಕರ್ಬೂಜ ಇಲ್ಲ, ಮಂಜುಗಡ್ಡೆ ಇಲ್ಲ, ಪೇಟೆಯಲ್ಲಿ ಒಳ್ಳೆ ರೊಟ್ಟಿಯೂ ಇಲ್ಲ. ನನಗೆ ತುಂಬ ಹತ್ತಿರದವನು ಅನಿಸಿತು. ಆದರೆ ಅವನು ಗೊಣಗಿ ಸುಮ್ಮನಾಗಲಿಲ್ಲ, ಆಗ್ರಾದಲ್ಲಿ ಬಾವಿ ತೋಡಿಸಿ ತೋಟ ಹಾಕಿದ. ನಾನು ಗೊಣಗುವುದಷ್ಟೇ.

ಚಾರ್‌ಬಾಗ್ ಅಂದರೆ ತೋಟವನ್ನು ನಾಲ್ಕು ಪಾಲು ಮಾಡುವುದು ಯಾಕೆ, ನೀರು, ಹಾಲು, ಮದ್ಯ, ಜೇನು ಹರಿಯುವ ಸ್ವರ್ಗದ ನಾಲ್ಕು ನದಿಗಳಿಗೂ ಅದಕ್ಕೂ ಏನು ಸಂಬಂಧ ಅಂತ ಬರೆಯೋಣ ಅಂತಲೇ ಕೂತದ್ದು. ಅದಕ್ಕೆ ಬರ್ತೀನಿ. ಒಣಗಿದ ಕಾಲುವೆ ಅಂದಾಗ ನಿಶಾತ್ ಬಾಗ್ ನೆನಪಾಯಿತು, ಅದನ್ನು ಮೊದಲು ಹೇಳಿಬಿಡ್ತೀನಿ.

ಶ್ರೀನಗರದ ದಾಲ್ ಸರೋವರದ ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ತೋಟವನ್ನು 1633ರ ಸುಮಾರಿಗೆ ಮಾಡಿಸಿದವನು ಆಸಫ್ ಖಾನ್. ನೂರ್ ಜಹಾನಳ ಅಣ್ಣ, ಮುಮ್ತಾಜಳ ಅಪ್ಪ. ಅಂದರೆ ಷಹಜಹಾನನಿಗೆ ಹೆಣ್ಣು ಕೊಟ್ಟ ಮಾವ. ಮಗಳು 1631ರಲ್ಲೇ ತೀರಿಹೋಗಿದ್ದಳು. ಅಳಿಯ ಮಾತ್ರ ಉಳಿದಿದ್ದ.

ಅಲ್ಲಿನವರು ಹೇಳುವ ಕತೆ ಹೀಗಿದೆ. ಅಳಿಯ ತೋಟ ನೋಡಲು ಬಂದ. 'ಆಹಾ, ಎಷ್ಟು ಚೆನ್ನಾಗಿದೆ' ಅಂದ. ಮಾವ ನಕ್ಕ. ಇನ್ನೊಮ್ಮೆ ಹೊಗಳಿದ. ಮಾವ ತಲೆ ಬಾಗಿಸಿದ. ಮೂರನೇ ಸಲ ಹೊಗಳಿದ. ಆಗಲೂ 'ತಗೊಳ್ಳಿ, ನಿಮ್ಮದೇ' ಅನ್ನುವ ಮಾತು ಮಾವನ ಬಾಯಿಂದ ಹೊರಡಲಿಲ್ಲ. ಅಳಿಯಂದಿರು ಮೂರು ಸಲ ಹೊಗಳಿದರೆ ಏನರ್ಥ ಅಂತ ನಮ್ಮ ಕಡೆ ಯಾವ ಮಾವನನ್ನು ಕೇಳಿದರೂ ಹೇಳುತ್ತಾನೆ. ದೀಪಾವಳಿಗೆ ಬಂದವನು ಸ್ಕೂಟರಿನ ಸುತ್ತ ಮೂರು ಸುತ್ತು ಬಂದರೆ ಕೀಲಿಕೈ ಬಚ್ಚಿಡಬೇಕು. ಆಸಫ್ ಖಾನನಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದನೋ.

ಅಳಿಯ ಮುನಿಸಿಕೊಂಡ. ಬೈಯಲಿಲ್ಲ, ಸೆರೆಗೆ ಹಾಕಲಿಲ್ಲ. ನಿಶಾತಿಗೆ ನೀರು ಬರುತ್ತಿದ್ದದ್ದು ಬಾದಶಹನ ಶಾಲಿಮಾರ್ ತೋಟದ ತೊರೆಯಿಂದಲೇ. ಅದನ್ನು ಕಟ್ಟಿಸಿದ. ಅಷ್ಟೇ. ಸಿಂಹಾಸನ ಬೇಡ, ಸೈನ್ಯ ಬೇಡ, ಇದು ನಮ್ಮ ಬೀದಿಯ ವಾಲ್ವ್ ತಿರುಗಿಸುವವನ ಕೈಯಲ್ಲೂ ಇರುವ ಅಧಿಕಾರ. ಕಾರಂಜಿ ನಿಂತವು, ಹೂ ಬಾಡಿದವು. ಮಾವ ಮರದಡಿ ಮುಖ ಸಪ್ಪಗೆ ಮಾಡಿಕೊಂಡು ಮಲಗಿದ್ದಾಗ, ಒಬ್ಬ ಆಳು ಅದನ್ನು ನೋಡಲಾರದೆ ಹೋಗಿ ಕಟ್ಟೆ ಒಡೆದುಬಿಟ್ಟ. ನೀರು ಗುಳುಗುಳು ಬಂತು. ಮಾವನಿಗೆ ಎದೆ ಧಸಕ್ ಅಂತು, ನಿಲ್ಲಿಸು ಮಾರಾಯ ಅಂತ ಓಡಿದ. ವಿಷಯ ಬಾದಶಹನ ಕಿವಿಗೂ ಬಿತ್ತು. ತಲೆ ಹೋಯಿತು ಅಂತ ಎಲ್ಲರೂ ಅಂದುಕೊಂಡಾಗ, ಅವನು ಆಳಿನ ನಿಷ್ಠೆ ಮೆಚ್ಚಿ ನೀರಿನ ಹಕ್ಕನ್ನೇ ಬರೆದುಕೊಟ್ಟನಂತೆ. ಮೂರು ಸಲ ಹೊಗಳಿಯೂ ಕೊನೆಗೆ ಕೊಟ್ಟವನು ಅಳಿಯನೇ!

ಹಾಂ, ನಾಲ್ಕು ನದಿ. ಅಷ್ಟು ಹೊತ್ತಿಗೆ ನನಗೆ ಬೇಕಿದ್ದದ್ದು ಮೊದಲನೆಯದೊಂದೇ. ಗೇಟಿನ ಹೊರಗೆ ಒಂದು ಬಾಟಲಿ ನೀರು ಕೊಂಡು, ಫುಟ್‌ಪಾತ್ ಮೇಲೆ ಬೇವಿನ ಮರದಡಿ ಕೂತು ಕುಡಿದೆ. ಅಲ್ಲಿ ಸೀಟಿ ಊದಲು ಯಾರೂ ಇರಲಿಲ್ಲ.